ಕದರಪ್ಪ ಹಾಕದ ಬ್ರೇಕು

ನಾನು ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವನು. ಮಧುಗಿರಿ ಡಿಪೋದಲ್ಲೇ ಸರ್ವೀಸು ಮುಗಿಸಿ ಈಗ ಮನೆಯಲ್ಲಿದ್ದೇನೆ. ಡ್ರೈವರುಗಳ ಪಕ್ಕದಲ್ಲೇ ಆಯುಷ್ಯ ಸವೆಸಿದ್ದರಿಂದ ಒಳ್ಳೆಯ ಡ್ರೈವರ್ ಯಾರು ಎಂದು ಗುರುತಿಸುವುದು ನನಗೆ ಕಷ್ಟವಲ್ಲ. ಕಂಬಿ ಹಿಡಿಯದೆ ನಿಂತು ಟಿಕೆಟ್ ಹರಿಯಲು ಆಗುತ್ತದೋ ಇಲ್ಲವೋ, ಅಷ್ಟರಲ್ಲೇ ಗೊತ್ತಾಗಿಬಿಡುತ್ತದೆ. ಕದರಪ್ಪ ಯಾವತ್ತೂ ಬಸ್ಸು ಓಡಿಸಿದವನಲ್ಲ. ಆದರೂ ನಾನು ಕಂಡ ಡ್ರೈವರುಗಳಲ್ಲಿ ಅವನೇ ಮೊದಲಿಗ. ಅದಕ್ಕೇ ಅವನ ಬಾಯಿಂದ ಆ ಸಂಗತಿ ಕೇಳಿದ ದಿನ ನನಗೆ ನಂಬಲು ಕಷ್ಟವಾಗಿದ್ದು.

ಕದರಪ್ಪ ಪಾವಗಡ ತಾಲ್ಲೂಕಿನ ನಿಡುಗಲ್ಲಿನವನು. ಮೀಸೆ ಮೂಡುವ ಮುಂಚೆಯೇ ಹುಣಸೆಹಣ್ಣಿನ ಲಾರಿಗೆ ಕ್ಲೀನರ್ ಆಗಿ ಸೇರಿ ಮಧುಗಿರಿಗೆ ಬಂದ. ಲಾರಿ ಗಂಗಾಂಬಿಕಾ ಅವರ ಯಜಮಾನರದು. ಅವರಿಗೆ ಕಡಲೆಕಾಯಿ ಎಣ್ಣೆಯ ಮಿಲ್ಲು, ಜೊತೆಗೆ ಹುಣಸೆಹಣ್ಣಿನ ವ್ಯಾಪಾರ. ಕ್ಲೀನರ್ ಆಗಿದ್ದವನು ಲಾರಿ ಡ್ರೈವರಾದ, ಆಮೇಲೆ ಯಜಮಾನರ ಅಂಬಾಸಿಡರ್ ಓಡಿಸಿದ. ಯಜಮಾನರು ತೀರಿಕೊಂಡ ಮೇಲೆ ಮಿಲ್ಲು, ವ್ಯಾಪಾರ ಎರಡನ್ನೂ ಗಂಗಾಂಬಿಕಾ ಅವರೇ ನೋಡಿಕೊಳ್ಳತೊಡಗಿದರು. ಕದರಪ್ಪ ಅವರ ಬೊಲೆರೊಗೆ ಡ್ರೈವರಾಗಿ ಉಳಿದ. ಇಷ್ಟು ವರ್ಷದಲ್ಲಿ ಒಂದು ಜೀವಕ್ಕೂ ಅವನ ಗಾಡಿ ತಾಗಿರಲಿಲ್ಲ. "ಕೋಳಿ ಕೂಡಾ ಇಲ್ಲ ಕಣಣ್ಣಾ" ಎಂದು ಟೀ ಅಂಗಡಿಯಲ್ಲಿ ಆಗಾಗ ಹೇಳಿಕೊಳ್ಳುತ್ತಿದ್ದ. ಅದು ಜಂಬದ ಮಾತೇ. ಆದರೆ ನಿಜವಾದ್ದರಿಂದ ನಾವು ಯಾರೂ ಬೇಜಾರು ಮಾಡಿಕೊಳ್ಳುತ್ತಿರಲಿಲ್ಲ.

ಎರಡು ವರ್ಷದ ಕೆಳಗೆ ಗಂಗಾಂಬಿಕಾ ಅವರ ಬೆನ್ನುಮೂಳೆಗೆ ಆಪರೇಷನ್ ಆಯಿತು. ಇನ್ನು ಮೇಲೆ ಬೊಲೆರೊ ಹತ್ತಬೇಡಿ ಎಂದರು ಡಾಕ್ಟರು. ಮಿಲ್ಲು ನಡೆಸುವ ಹೆಂಗಸು, ಮನೆಯಲ್ಲಿ ಕೂರುವವರಲ್ಲ. ಒಳ್ಳೆಯ ಜರ್ಮನ್ ಕಾರೇ ತರೋಣ ಎಂದು ತೀರ್ಮಾನ ಮಾಡಿ ಕದರಪ್ಪನನ್ನು ಕರೆದರು.

"ಓಡಿಸೋನು ನೀನು, ಕೂರೋಳು ನಾನು. ಇಬ್ರೂ ಒಪ್ಪಿದ್ರೆ ಮಾತ್ರ ತರಣ. ಬೆಂಜು, ಬಿಎಂಡಬ್ಲ್ಯೂ, ಆಡಿ. ಮೂರೂ ಓಡ್ಸಿ ನೋಡು" ಎಂದರು.

ಆ ಒಂದು ವಾರ ಡೂಂಲೈಟ್ ಸರ್ಕಲ್ಲಿನ ಟೀ ಅಂಗಡಿಯಲ್ಲಿ ಬೇರೆ ಮಾತೇ ಇಲ್ಲ. ಟೈರ್ ಅಂಗಡಿ ವೆಂಕಟರಾಮಯ್ಯ ಬೆಂಜಿನ ಕಡೆ. "ಅದು ಬಂದ್ರೆ ಜನ ಎದ್ದು ನಿಂತ್ಕತಾರೆ" ಎನ್ನುವುದು ಅವನ ವಾದ. ಬಿಎಂಡಬ್ಲ್ಯೂ ಆದರೆ ಮುಂದಿನ ಸೀಟಿನಲ್ಲಿ ಕೂರುವವನಿಗೇ ಮಜಾ ಹೆಚ್ಚು, ಹಿಂದೆ ಕೂರುವ ಅಮ್ಮನವರಿಗೆ ಏನು ಲಾಭ ಎಂದು ಇನ್ನೊಬ್ಬ. ಶಿರಾದಲ್ಲಿ ಹೈವೇ ಪಕ್ಕ ಗ್ಯಾರೇಜ್ ಇಟ್ಟಿರುವ ದಸ್ತಗೀರ್ ಸಾಬರನ್ನೂ ಕದರಪ್ಪ ಕೇಳಿಕೊಂಡು ಬಂದ. ಯಾವುದು ಹೆಚ್ಚು ಬಾಳಿಕೆ ಬರುತ್ತದೆ ಎಂದು. ಅವರು ನಕ್ಕು, "ಮೂರೂ ಪೈಲ್ವಾನ್ರೇ ಭಾಯ್. ಹೊತ್ತಿಗ್ ಸರಿಯಾಗಿ ಆಯಿಲ್ ಕುಡಿಸು, ಹಂಪ್ ಕಂಡ್ರೆ ನಿಧಾನ ಮಾಡು. ಹೊಟ್ಟೆ ತಳ ಮೂರಕ್ಕೂ ತಗ್ಗು. ನಮ್ ರೋಡಲ್ಲಿ ಕೆಡೋದು ಕಾರಲ್ಲ, ಓಡ್ಸೋನ ಬುದ್ಧಿ" ಎಂದರಂತೆ.

ಬೆಂಗಳೂರಿಗೆ ಹೋಗಿ ಮೂರನ್ನೂ ಓಡಿಸಿ ಬಂದ ದಿನ ಕದರಪ್ಪ ನಮ್ಮ ಮುಂದೆ ಕೂತು ಹೇಳಿದ್ದು ಇನ್ನೂ ಕಿವಿಯಲ್ಲಿದೆ.

"ಬಿಎಂದು ಎಂಟು ಗೇರು. ಕಾಲು ಒತ್ತೋದೇ ತಡ, ಬೆನ್ನಿಗೆ ಕೈ ಕೊಟ್ಟು ನೂಕ್ದಂಗೆ ಹೋಯ್ತದೆ. ಗೇರ್ ಬಿದ್ದಿದ್ದು ಕಿವಿಗೆ ಗೊತ್ತಾಯ್ತದೆ, ಮೈಗೆ ಗೊತ್ತಾಗಲ್ಲ. ಆಡಿದು ಏಳು ಗೇರು, ಎರಡು ಕ್ಲಚ್ಚಂತೆ ಒಳಗೆ. ಒಬ್ರು ಕೊಡ ಇಳಿಸೋದ್ರೊಳಗೆ ಇನ್ನೊಬ್ರು ಹೊತ್ಕಂಡಂಗೆ, ನಡುವೆ ಒಂದು ತೊಟ್ಟು ಚೆಲ್ಲಲ್ಲ. ಬೆಂಜಿದು ಒಂಬತ್ತು ಗೇರು ಅಂದ್ರು. ನನ್ ಕೈಗೆ ಒಂದೂ ಸಿಗ್ಲಿಲ್ಲ ಕಣಣ್ಣಾ! ಯಾವಾಗ ಬಿತ್ತೋ ಯಾವಾಗ ಎದ್ತೋ. ಗೇರಿನ ಕಡ್ಡಿ ಸ್ಟೇರಿಂಗ್ ಪಕ್ಕದಲ್ಲೇ ಐತೆ. ಇಂಡಿಕೇಟರ್ ಅಂದ್ಕಂಡು ಎಳ್ದೆ, ನೂಟ್ರಲ್ ಆಗೋಯ್ತು. ಪಕ್ದಲ್ ಕೂತಿದ್ದ ಶೋರೂಮ್ ಹುಡುಗ ಎಗರಿಬಿದ್ದ."

ನಾವೆಲ್ಲ ನಕ್ಕೆವು. ಗಂಗಾಂಬಿಕಾ ಅವರ ಮೊಮ್ಮಗಳು ಶರಣ್ಯಾಗೆ ಬಿಎಂಡಬ್ಲ್ಯೂನ ಮೂತಿ ಇಷ್ಟವಾಗಿತ್ತಂತೆ. ಆರನೇ ಕ್ಲಾಸಿನ ಹುಡುಗಿ. "ನೋಡಕ್ಕೆ ಯಾವ್ದು ಚೆಂದ ಕದರಪ್ಪಣ್ಣಾ?" ಎಂದು ಅವಳು ಕೇಳಿದರೆ, "ಮೂರೂ ಒಂದೇ ಬಸ್ರಿನ ಮಕ್ಳಂಗವೆ ಬುಡವ್ವಾ" ಎಂದನಂತೆ. ಅದಕ್ಕೂ ನಕ್ಕೆವು. ಆಗ ನಮಗ್ಯಾರಿಗೂ ಬೇರೆ ಏನೂ ತೋಚಲಿಲ್ಲ.

ಬೆಂಜೇ ಬಂತು. ಅಮ್ಮನವರ ಬೆನ್ನಿಗೆ ಅದರ ಹಿಂದಿನ ಸೀಟು ಹೊಂದಿತು. ಕಾರು ಕೊಡುವಾಗ ಶೋರೂಮಿನ ಹುಡುಗ ಅದರ ವಿದ್ಯೆಗಳನ್ನೆಲ್ಲ ಹೇಳುತ್ತಾ, ಮುಂದೆ ಯಾರಾದರೂ ಅಡ್ಡ ಬಂದರೆ ಇದು ತಾನೇ ಬ್ರೇಕ್ ಹಾಕಿಕೊಳ್ಳುತ್ತದೆ ಎಂದ. ಕದರಪ್ಪ ಗಂಗಾಂಬಿಕಾ ಅವರ ಕಡೆ ತಿರುಗಿ, "ಬ್ರೇಕ್ ಹಾಕಕ್ಕೆ ನಾನಿಲ್ವಾ ಅಮ್ಮಾವ್ರೇ, ಕಾರಿಗ್ಯಾಕೆ ಆ ತಾಪತ್ರಯ" ಎಂದ. ಅವರೂ ಅದನ್ನು ಅಲ್ಲೇ ಮರೆತರು. ಕೊರಟಗೆರೆ ದಾಟಿ ಊರಿಗೆ ಬಂದು, ದಂಡಿನ ಮಾರಮ್ಮನ ಗುಡಿ ಮುಂದೆ ನಿಂಬೆಹಣ್ಣು ತುಳಿಸಿ, ಕಾರು ಮಿಲ್ಲಿನ ಶೆಡ್ಡು ಸೇರಿತು. ಬೆಳಿಗ್ಗೆ ಶರಣ್ಯಾಳನ್ನು ಶಾಲೆಗೆ ಬಿಡುವುದು, ಆಮೇಲೆ ಅಮ್ಮನವರ ಓಡಾಟ. ಕದರಪ್ಪ ಎರಡೇ ದಿನದಲ್ಲಿ ಆ ಕಾರಿಗೆ ಒಗ್ಗಿಕೊಂಡ. ಒಂದೇ ಒಂದು ದೂರು ಅವನದು: "ಗ್ಲಾಸ್ ಯಾಕೋ ಮಬ್ಬು ಮಬ್ಬು. ಎಷ್ಟ್ ಒರೆಸಿದ್ರೂ ಹೋಗಲ್ಲ. ಈಗಿನ್ ಕಾಲದ್ ಬಿಳೀ ಲೈಟ್ ಬೇರೆ, ಎದುರಿಂದ ಬಂದ್ರೆ ಕಣ್ಣೊಳಗೆ ಹೂವು ಬಿಟ್ಟಂಗಾಯ್ತದೆ."

ಶಿವರಾತ್ರಿ ಇನ್ನೇನು ಬರುವುದರಲ್ಲಿತ್ತು. ಹುಣಸೆಹಣ್ಣಿನ ಕಾಲ. ಶಿರಾ ತಾಲ್ಲೂಕಿನ ಬುಕ್ಕಾಪಟ್ಟಣದ ಕಡೆ ಮರಗಳ ಫಸಲು ನೋಡಿ ಮಾತಾಡಿ ಬರಲು ಗಂಗಾಂಬಿಕಾ ಹೋದರು. ವಾಪಸು ಹೊರಡುವಾಗ ಹೊತ್ತು ಮುಳುಗಿತ್ತು. ಎರಡೂ ಕಡೆ ಕುರುಚಲು ಕಾಡು. ಆಕಾಶದಲ್ಲಿ ಇನ್ನೂ ಕೆಂಪು ಉಳಿದಿದ್ದರೂ ರಸ್ತೆಯ ಮೇಲೆ ಕತ್ತಲು ಕೂತಾಗಿತ್ತು. ಅಮ್ಮನವರು ಹಿಂದೆ ಕೂತು ಮಡಿಲಲ್ಲಿ ಹುಣಸೆಹಣ್ಣಿನ ಮಾದರಿ ಇಟ್ಟುಕೊಂಡು ಬಿಡಿಸಿ ನೋಡುತ್ತಿದ್ದರು.

"ಲೈಟ್ ಹಾಕಿದ್ದೆ. ರಸ್ತೆ ಖಾಲಿ ಇತ್ತು ಕಣಣ್ಣಾ" ಎಂದು ಆಮೇಲೆ ಕದರಪ್ಪ ನನಗೆ ಹೇಳಿದ. "ನನ್ ಕಣ್ಣಿಗೆ ಖಾಲಿ ಇತ್ತು."

ಇದ್ದಕ್ಕಿದ್ದ ಹಾಗೆ ಕಾರು ಕೀರಲು ದನಿಯಲ್ಲಿ ಕೂಗಿಕೊಂಡಿತು. ಎದೆ ಮೇಲಿನ ಬೆಲ್ಟು ಯಾರೋ ಹಿಂದಿನಿಂದ ಜಗ್ಗಿದಂತೆ ಬಿಗಿಯಿತು. ಕಾರಿನ ಮೂತಿ ನೆಲಕ್ಕೆ ಬಾಗಿ, ಟೈರು ಗರಗರ ಎಂದು, ಗಾಡಿ ನಿಂತುಬಿಟ್ಟಿತು. ಹುಣಸೆಹಣ್ಣು ಮುಂದಿನ ಸೀಟಿನವರೆಗೂ ಚೆಲ್ಲಾಡಿತು. ಕದರಪ್ಪನಿಗೆ ಏನಾಯಿತೆಂದೇ ತಿಳಿಯಲಿಲ್ಲ. ಇಂಜಿನ್ ಕಚ್ಚಿಕೊಂಡಿತು ಅಂದುಕೊಂಡ. ತಲೆಯೆತ್ತಿದರೆ, ಬಾನೆಟ್ಟಿನ ಮುಂದೆ ಕತ್ತಲೆಯ ಒಂದು ತುಂಡು ಅಲುಗಾಡಿತು. ಅದಕ್ಕೆ ಒಂದು ಕೈ ಮೂಡಿತು. ಆ ಕೈ ಬಾನೆಟ್ಟಿನ ಮೇಲೆ ಊರಿಕೊಂಡಿತು. ಕರೀ ಕಂಬಳಿ ಹೊದ್ದ ಒಬ್ಬ ಮುದುಕ. ಕಂಬಳಿಯೊಳಗಿನಿಂದ ಕುರಿಮರಿಯೊಂದು 'ಮ್ಯಾ' ಎಂದಿತು.

ಕುರಿಗಳೆಲ್ಲ ರಸ್ತೆ ದಾಟಿ ಎಡಗಡೆ ಇಳಿದಾಗಿತ್ತು. ಅವತ್ತೇ ಹುಟ್ಟಿದ ಮರಿಯನ್ನು ಎತ್ತಿಕೊಂಡು ಕೊನೆಗೆ ಬಲಗಡೆಯಿಂದ ಬರುತ್ತಿದ್ದವನು ಸಣ್ಣರಂಗಯ್ಯ. ಅವನ ಮೊಣಕಾಲಿಗೂ ಕಾರಿಗೂ ನಡುವೆ ಒಂದು ಮೊರ ಇಡುವಷ್ಟೂ ಜಾಗವಿರಲಿಲ್ಲ.

ಗಂಗಾಂಬಿಕಾ ಬೆನ್ನು ಹಿಡಿದುಕೊಂಡು ಕೆಳಗಿಳಿದರು. "ಏನಾದ್ರೂ ಆಯ್ತೇನಪ್ಪಾ? ತಾಗ್ತಾ?"

"ಇಲ್ಲ ಕಣವ್ವಾ, ಇಲ್ಲ. ದೇವ್ರು ನಿಮ್ ಡ್ರೈವರ್ ಕಾಲಲ್ ಕೂತಿದ್ದ" ಎಂದ ಸಣ್ಣರಂಗಯ್ಯ. ಕದರಪ್ಪನ ಕಿಟಕಿ ಹತ್ತಿರ ಬಂದು, ಕಂಬಳಿಯೊಳಗಿಂದಲೇ ಕೈ ಜೋಡಿಸಿದ. "ನೀನ್ ಹಿಡೀದೆ ಇದ್ದಿದ್ರೆ ಇವತ್ ನನ್ ಕತೆ ಮುಗೀತಿತ್ತು ಕಣಪ್ಪಾ. ನಿನ್ ಮಕ್ಳು ಮರಿ ತಣ್ಣಗಿರ್ಲಿ."

ಕದರಪ್ಪ ಕೆಳಗೆ ತನ್ನ ಕಾಲು ನೋಡಿಕೊಂಡ. ಬಲಗಾಲು ಆಕ್ಸಿಲರೇಟರಿನ ಮೇಲೆ, ಹಗುರವಾಗಿ, ಬುಕ್ಕಾಪಟ್ಟಣ ಬಿಟ್ಟಾಗ ಹೇಗಿತ್ತೋ ಹಾಗೇ ಇತ್ತು.

ಬಾಯಿ ತೆರೆದ. ಅಷ್ಟರಲ್ಲಿ ಗಂಗಾಂಬಿಕಾ ಅವನ ಭುಜ ತಟ್ಟಿ, "ಏನ್ ಬ್ರೇಕ್ ಹಾಕ್ದೆ ಕಣಯ್ಯಾ! ಬೇರೆಯೋನಾಗಿದ್ರೆ ಹೊಡ್ದೇಬುಡ್ತಿದ್ದ. ಸುಮ್ನಿರು, ಮಾತಾಡ್ಬೇಡ, ನಿಧಾನಕ್ಕೆ ಓಡ್ಸು" ಎಂದರು. ಮಧುಗಿರಿಯವರೆಗೂ ಅವನು ಎತ್ತಿನ ಗಾಡಿಯ ವೇಗದಲ್ಲಿ ಬಂದ. ಗಾಬರಿಯಾಗಿದ್ದಾನೆ ಎಂದುಕೊಂಡು ಅಮ್ಮನವರು ಏನೂ ಕೇಳಲಿಲ್ಲ.

ಮಾರನೇ ದಿನ ಊರಿಗೆಲ್ಲ ಸುದ್ದಿ. ಗಂಗಾಂಬಿಕಾ ಅವರೇ ಕಂಡಕಂಡವರಿಗೆ ಫೋನು ಮಾಡಿ ಹೇಳಿದ್ದರು. ಕದರಪ್ಪ ಶರಣ್ಯಾಳನ್ನು ಶಾಲೆಗೆ ಬಿಟ್ಟು, ಕಾರನ್ನು ಶೆಡ್ಡಿಗೆ ಸೇರಿಸಿ ಟೀ ಅಂಗಡಿಗೆ ಬಂದರೆ ವೆಂಕಟರಾಮಯ್ಯ ಎದ್ದು ಅಪ್ಪಿಕೊಂಡ. "ಕತ್ಲಲ್ಲಿ ಕರೀ ಕಂಬ್ಳಿ ಕಂಡೋನು ನೀನೊಬ್ನೇ ಕಣ್ಲಾ!" ಅಂದ. ಮಿಲ್ಲಿನ ಪೂಜೆಯ ದಿನ ಶಾಲು ಹೊದಿಸಿ ಸನ್ಮಾನ ಮಾಡುತ್ತಾರಂತೆ ಎಂದು ಇನ್ನೊಬ್ಬರು. ಕದರಪ್ಪ ಟೀ ಲೋಟ ಹಿಡಿದು ಕೂತಿದ್ದ. ಟೀ ಆರಿ ಕೆನೆಗಟ್ಟಿತು. ಕುಡಿಯದೇ ಎದ್ದು ಹೋದ. ವಿನಯ ಎಂದುಕೊಂಡೆವು.

ಅವನು ಸೀದಾ ಮನೆಗೆ ಹೋಗಿದ್ದ. ಅಂಗಳದಲ್ಲಿ ಹೆಂಡತಿ ನರಸಿಂಹಮ್ಮ ರಾಗಿ ಕೇರುತ್ತಿದ್ದಳು. ಆಕೆ ಪಾವಗಡದಾಚೆಯ ಆಂಧ್ರದ ಗಡಿಯವಳು, ಗಾಬರಿಯಾದರೆ ಬಾಯಲ್ಲಿ ತೆಲುಗೇ ಬರುವುದು. ಕದರಪ್ಪ ಬಾಗಿಲಲ್ಲಿ ನಿಂತು ಅಂಗೈಯಿಂದ ಬಲಗಣ್ಣು ಮುಚ್ಚಿಕೊಂಡ. ಹೆಂಡತಿ, ಮೊರ, ಹಾರುವ ಹೊಟ್ಟು, ಎಲ್ಲ ಕೊಂಚ ಮಬ್ಬಾಗಿ ಕಂಡಿತು. ಆಮೇಲೆ ಎಡಗಣ್ಣು ಮುಚ್ಚಿಕೊಂಡ.

ಯಾರೂ ಇರಲಿಲ್ಲ. ಹಾಲಿನಲ್ಲಿ ಮುಳುಗಿ ಕಣ್ಣು ಬಿಟ್ಟಂತೆ ಬರೀ ಬಿಳುಪು. ಮೊರದ ಸದ್ದು ಮಾತ್ರ ಕೇಳಿಸುತ್ತಿತ್ತು.

"ನರಸಿಂಹೀ, ಎಲ್ಲಿದ್ದೀಯ?" ಎಂದ.

"ಎದ್ರಿಗೇ ಇದೀನಲ್ಲ!" ಎಂದು ಆಕೆ ನಕ್ಕಳು. ಅವನು ಅಂಗೈ ತೆಗೆಯದೆ, "ಕೈ ಆಡ್ಸು" ಎಂದ. ಆಡಿಸಿದಳು. "ಆಡ್ಸೇ ಅಂದೆ!" ಎಂದು ಕೂಗಿದ. ಮೊರ ಅವಳ ಕೈಯಿಂದ ಜಾರಿತು. "ಏಮಯ್ಯಾ, ಏಮಾಯಿಂದಿ ನೀಕು? ಏನಾಯ್ತು?" ಎನ್ನುತ್ತಾ ಓಡಿಬಂದು ಅವನ ಮುಖ ಹಿಡಿದುಕೊಂಡಳು. ಅವಳ ಬೆರಳು ಕೆನ್ನೆಗೆ ತಾಗುವವರೆಗೂ ಅವಳು ಬಂದದ್ದು ಆ ಕಣ್ಣಿಗೆ ತಿಳಿಯಲಿಲ್ಲ.

ಅವತ್ತೇ ಇಬ್ಬರೂ ಕಣ್ಣಿನ ಡಾಕ್ಟರ ಹತ್ತಿರ ಹೋದರು. ಚಿಕ್ಕ ವಯಸ್ಸಿನ ಡಾಕ್ಟರಮ್ಮ. ಲೈಟು ಬಿಟ್ಟು ನೋಡಿ, "ಬಲಗಣ್ಣಲ್ಲಿ ಪೊರೆ ಪೂರ್ತಿ ಬಲ್ತಿದೆ. ವರ್ಷದ ಮೇಲಾಗಿರ್ಬೇಕು. ಎಡಗಣ್ಣಲ್ಲೂ ಶುರುವಾಗಿದೆ. ಇಷ್ಟು ದಿನ ಗೊತ್ತಾಗ್ಲಿಲ್ವಾ?" ಎಂದು ಕೇಳಿದರು.

"ಗ್ಲಾಸ್ ಕೊಳೆ ಅಂದ್ಕಂಡೆ ಮೇಡಂ" ಎಂದ ಕದರಪ್ಪ.

"ಯಾವ ಗ್ಲಾಸು? ಏನ್ ಕೆಲ್ಸ ಮಾಡ್ತೀರಿ ನೀವು?"

"ಡ್ರೈವರ್."

ಬರೆಯುತ್ತಿದ್ದ ಡಾಕ್ಟರಮ್ಮನ ಕೈ ನಿಂತುಹೋಯಿತು. ತಲೆಯೆತ್ತಿ ಅವನನ್ನೂ ನರಸಿಂಹಮ್ಮನನ್ನೂ ನೋಡಿದರು. "ಈಗ ಇಲ್ಲಿಗೆ ಹೇಗೆ ಬಂದ್ರಿ?" ಎಂದರು. ನಡೆದುಕೊಂಡು ಬಂದೆವು ಎಂದಾಗ ಅವರು ಉಸಿರು ಬಿಟ್ಟದ್ದು ಕದರಪ್ಪನಿಗೆ ಕೇಳಿಸಿತಂತೆ.

ಅಲ್ಲಿಂದ ಹೆಂಡತಿಯನ್ನು ಮನೆಗೆ ಕಳಿಸಿ ಅವನು ಮಿಲ್ಲಿಗೆ ಹೋದ. ಗಂಗಾಂಬಿಕಾ ಅಂಗಳದಲ್ಲಿ ಕುರ್ಚಿ ಹಾಕಿಕೊಂಡು, ಪೂಜೆಯ ದಿನ ಯಾರನ್ನು ಕರೆಯಬೇಕು ಎಂದು ಮಾತಾಡುತ್ತಿದ್ದರು. ಅವನನ್ನು ಕಂಡು, "ಬಾರಯ್ಯಾ, ನಿನ್ನ ವಿಷಯಾನೇ ಮಾತಾಡ್ತಿದ್ದೆ" ಎಂದರು.

"ಅಮ್ಮಾವ್ರೇ, ನೆನ್ನೆ ಬ್ರೇಕ್ ಹಾಕಿದ್ದು ನಾನಲ್ಲ."

"ಏನಂದೆ?"

"ನಾನ್ ಹಾಕ್ಲಿಲ್ಲ. ಕಾರೇ ಹಾಕ್ಕಂತು. ನಂಗೆ ಆ ಮನ್ಷ ಕಾಣ್ಲೇ ಇಲ್ಲ."

ಗಂಗಾಂಬಿಕಾ ನಕ್ಕರು. ಗಾಬರಿಯಲ್ಲಿ ಏನೇನೋ ಅಂದುಕೊಂಡಿದ್ದೀಯ ಎಂದರು. "ಅಂಗಂತ ಯಾರ್ ಹೇಳಿದ್ರು ನಿಂಗೆ?"

"ನನ್ ಕಾಲೇ ಹೇಳ್ತು ಅಮ್ಮಾವ್ರೇ. ಆಕ್ಸಿಲರೇಟರ್ ಮೇಲಿಂದ ಕದಲಿರ್ಲಿಲ್ಲ. ಬಲಗಣ್ಣು ಕಾಣಲ್ಲ. ಈಗ ಡಾಕ್ಟರ ಹತ್ರ ಹೋಗ್ಬಂದೆ. ವರ್ಷದಿಂದ ಕಾಣ್ತಿಲ್ವಂತೆ."

ಅವರ ನಗು ಮುಖದ ಮೇಲೇ ನಿಂತುಬಿಟ್ಟಿತು. ಆಮೇಲೆ ಸಣ್ಣ ದನಿಯಲ್ಲಿ, "ಬೆಳಿಗ್ಗೆ ಶರಣ್ಯಾನ ಶಾಲೆಗೆ ಬಿಟ್ಟಿದ್ಯಾರು?" ಎಂದು ಕೇಳಿದರು.

"ನಾನೇ."

"ನೆನ್ನೆ ಬುಕ್ಕಾಪಟ್ಟಣದಿಂದ ನನ್ನ ಮನೆ ಮುಟ್ಸಿದ್ಯಾರು? ಅಷ್ಟು ದೂರ, ಕತ್ಲಲ್ಲಿ?"

ಗಂಗಾಂಬಿಕಾ ಕುರ್ಚಿಯ ಕೈ ಹಿಡಿದು ಎದ್ದರು. ಎದ್ದವರು ಎಲ್ಲಿಗೆ ಹೋಗಬೇಕೆಂದು ತಿಳಿಯದವರಂತೆ ನಿಂತರು. "ಬೆಂಗಳೂರಿಗೆ ಹೋಗಿದ್ವಿ ಕಣೋ... ಆಸ್ಪತ್ರೆಗೆ, ಮದುವೆಗೆ, ಎಲ್ಲಾ ಕಡೆ... ಆ ಮಗು ಮುಂದಿನ್ ಸೀಟಲ್ ಕೂತಿರ್ತಿತ್ತು" ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು. ಬೈಯಲಿಲ್ಲ. ಕೈ ಚಾಚಿದರು. ಕದರಪ್ಪ ಜೇಬಿನಿಂದ ಕಾರಿನ ಕೀ ತೆಗೆದು ಆ ಕೈಗೆ ಹಾಕಿದ. ಅವರು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಅವತ್ತು ಸಂಜೆ ಅವನು ನನ್ನ ಮನೆಗೆ ಬಂದು ಇದನ್ನೆಲ್ಲ ಹೇಳಿದ. ಹೋದ ದೀಪಾವಳಿಯಲ್ಲಿ ನಾನೂ ನನ್ನ ಹೆಂಡತಿಯೂ ಅವನ ಜೊತೆ ತುಮಕೂರಿಗೆ ಹೋಗಿಬಂದಿದ್ದೆವು. ದಾರಿಯುದ್ದಕ್ಕೂ ನಾನು ನಿದ್ದೆ ಮಾಡಿದ್ದೆ. ಅಷ್ಟು ನೆಮ್ಮದಿ ನನಗೆ ಅವನ ಗಾಡಿಯಲ್ಲಿ. ಇಷ್ಟಕ್ಕೂ ಲೈಸೆನ್ಸ್ ಹೊಸದು ಮಾಡಿಸುವಾಗ ಕಣ್ಣು ನೋಡಲಿಲ್ಲವೇ ಎಂದು ಕೇಳಿದೆ. "ಸರ್ಟಿಫಿಕೇಟ್ ಬಂತಣ್ಣಾ. ಕಣ್ಣು ಯಾರೂ ನೋಡ್ಲಿಲ್ಲ. ನಾನೂ ತೋರಿಸ್ಲಿಲ್ಲ" ಎಂದ.

ತುಮಕೂರಿನಲ್ಲಿ ಬಲಗಣ್ಣಿಗೆ ಆಪರೇಷನ್ ಆಯಿತು. ಅವನ ಜೊತೆ ನರಸಿಂಹಮ್ಮ, ನಾನು. ಮಾರನೇ ದಿನ ಪಟ್ಟಿ ಬಿಚ್ಚಿದಾಗ ಅವನು ಮೊದಲು ಕಂಡದ್ದು ಗೋಡೆ. "ಈಟೊಂದು ಬೆಳ್ಳಗೈತಾ!" ಎಂದು ಬೆಚ್ಚಿದ. ಆಮೇಲೆ ಹೆಂಡತಿ ಕಡೆ ತಿರುಗಿದ. ತಿರುಗಿದವನು ಹಾಗೇ ನೋಡುತ್ತಾ ಉಳಿದ. ಆಕೆಯ ಮುಖದ ಮೇಲೆ ಗೆರೆಗಳು, ಕಿವಿಯ ಪಕ್ಕ ಬೆಳ್ಳಗಾದ ಕೂದಲು. "ಯಾವಾಗ್ಲೇ ಇಂಗಾದೆ ನೀನು?" ಎಂದ. "ನಿನ್ನ ಜೊತೇಲೇ" ಎಂದು ಆಕೆ ಸೆರಗು ಬಾಯಿಗೆ ಇಟ್ಟುಕೊಂಡಳು, ನಗುವುದಕ್ಕೋ ಅಳುವುದಕ್ಕೋ ನನಗೆ ತಿಳಿಯಲಿಲ್ಲ.

ನಿಜವಾಗಿ ಅವನು ಕುಸಿದದ್ದು ಬಸ್ಸಿನಲ್ಲಿ. ಕಪ್ಪು ಕನ್ನಡಕ ಹಾಕಿಕೊಂಡು ಮುಂದಿನ ಸೀಟಿನಲ್ಲಿ ಕೂತಿದ್ದ, ನಾನು ಪಕ್ಕದಲ್ಲಿ. ಕೊರಟಗೆರೆ ದಾಟಿದ ಮೇಲೆ ರಸ್ತೆಯ ಬಲಗಡೆಗೇ ನೋಡತೊಡಗಿದ. ಹುಲ್ಲಿನ ಹೊರೆ ಹೊತ್ತ ಹೆಂಗಸರು ಸಾಲಾಗಿ ಬರುತ್ತಿದ್ದರು. ಸೈಕಲ್ಲಿನಲ್ಲಿ ಇಬ್ಬರು ಹುಡುಗಿಯರು. ಮೈಲಿಗಲ್ಲಿನ ಮೇಲೆ ಕೂತು ಬೀಡಿ ಸೇದುತ್ತಿದ್ದ ಒಬ್ಬ. ಹಗ್ಗ ಹಿಡಿದು ಎಮ್ಮೆ ದಾಟಿಸಲು ಕಾಯುತ್ತಿದ್ದ ಮುದುಕಿ, ಅವಳ ಸೀರೆ ಹಿಡಿದುಕೊಂಡ ಕೂಸು. ಈ ರಸ್ತೆಯಲ್ಲಿ ಅವನು ಸಾವಿರ ಸಲ ಗಾಡಿ ಓಡಿಸಿದ್ದಾನೆ.

ನನ್ನ ಮುಂಗೈ ಗಟ್ಟಿಯಾಗಿ ಹಿಡಿದುಕೊಂಡ. "ಕಂಡಕ್ಟ್ರಣ್ಣಾ, ಇವ್ರೆಲ್ಲ ಅವಾಗ್ಲೂ ಇದ್ರಾ?" ಎಂದು ಕೇಳಿದ.

ನಾನು ಇದ್ದರು ಎಂದೆ. ಅವನು ಕನ್ನಡಕದ ಹಿಂದೆ ಕಣ್ಣು ಮುಚ್ಚಿಕೊಂಡ. ಮಧುಗಿರಿ ಬರುವವರೆಗೂ ತೆರೆಯಲಿಲ್ಲ.

ಕಣ್ಣು ವಾಸಿಯಾದ ಮೇಲೆ ಬುಕ್ಕಾಪಟ್ಟಣಕ್ಕೆ ಹೋಗಬೇಕೆಂದು ಹಟ ಹಿಡಿದ. ಬೇಡ ಎಂದೆ. ಆ ಮುದುಕ ನೆಮ್ಮದಿಯಾಗಿದ್ದಾನೆ, ಯಾಕೆ ಕೆದಕುತ್ತೀಯ ಎಂದೆ. "ನನ್ ಮಕ್ಳು ತಣ್ಣಗಿರ್ಲಿ ಅಂತ ಕೈ ಮುಗ್ದವ್ನಣ್ಣಾ. ಅದನ್ನ ಇಟ್ಕಳಕ್ ಆಗಲ್ಲ ನಂಗೆ" ಎಂದ. ಶಿರಾದಲ್ಲಿ ಬಸ್ಸು ಬದಲಾಯಿಸಿ ಇಬ್ಬರೂ ಹೋದೆವು. ಕೇಳಿಕೊಂಡು ಹೋದರೆ ಊರಾಚೆ ಒಂದು ಹಟ್ಟಿ. ಸಣ್ಣರಂಗಯ್ಯ ಕುರಿ ರೊಪ್ಪದ ಬೇಲಿ ಸರಿ ಮಾಡುತ್ತಿದ್ದ. ಕದರಪ್ಪನನ್ನು ಗುರುತು ಹಿಡಿದವನೇ ಕೈಯಲ್ಲಿದ್ದ ಮುಳ್ಳು ಎಸೆದು ಓಡಿಬಂದ.

"ಲೇ ಇವ್ಳೇ, ಬಾರೇ ಇಲ್ಲಿ! ನನ್ನ ಉಳಿಸ್ದ ಪುಣ್ಯಾತ್ಮ ಬಂದವ್ನೆ!"

ಹೆಂಡತಿ ಚಿಕ್ಕಹನುಮಕ್ಕ ಒಳಗಿಂದ ಚೊಂಬಿನಲ್ಲಿ ನೀರು ತಂದಳು. ಚಾಪೆ ಹಾಸಿದಳು. ಪ್ರತಿ ಶನಿವಾರ ದೀಪ ಹಚ್ಚುವಾಗ ಹೆಸರು ಗೊತ್ತಿಲ್ಲದ ಆ ಡ್ರೈವರಿಗೂ ಒಳ್ಳೇದು ಮಾಡಪ್ಪ ಎಂದು ಕೇಳಿಕೊಳ್ಳುತ್ತಾಳಂತೆ. ಕದರಪ್ಪ ಚಾಪೆಯ ಮೇಲೆ ಕೂರಲಿಲ್ಲ. ನಿಂತುಕೊಂಡೇ ಎಲ್ಲ ಹೇಳಿದ. ಕಣ್ಣು, ಕಾಲು, ಕಾರು, ಒಂದನ್ನೂ ಬಿಡಲಿಲ್ಲ.

ಸಣ್ಣರಂಗಯ್ಯನಿಗೆ ಮೊದಲು ಅರ್ಥವಾಗಲಿಲ್ಲ. "ಕಾರು ತಾನೇ ನಿಂತ್ಕತಾ?" ಎಂದ. ಆಮೇಲೆ ಅರ್ಥವಾಯಿತು. ಮೆಲ್ಲಗೆ ನೆಲಕ್ಕೆ ಕೂತು, ತನ್ನ ಎರಡೂ ಮೊಣಕಾಲನ್ನು ಕೈಯಲ್ಲಿ ಒತ್ತಿಕೊಂಡ. ಆ ಸಂಜೆ ಆಗದ ಭಯ ಅವನಿಗೆ ಈಗ ಆಯಿತು. ಚಿಕ್ಕಹನುಮಕ್ಕನ ಕೈಯಲ್ಲಿ ಚೊಂಬು ಹಾಗೇ ಇತ್ತು.

"ಕಣ್ ಕಾಣ್ದೋನು ಗಾಡಿ ಯಾಕ್ ಹತ್ದೆ?" ಎಂದಳು.

ಕದರಪ್ಪ ತಲೆ ತಗ್ಗಿಸಿದ.

"ಕೇಳ್ತಾ ಇಲ್ವಾ? ಯಾಕ್ ಹತ್ದೆ? ಇವ್ನ್ ಸತ್ತಿದ್ರೆ ಕುರಿ ಯಾರ್ ಮೇಯಿಸ್ತಿದ್ರು, ನೀನಾ? ಆ ಕಾರಾ? ದೊಡ್ಡೋರ್ ಕಾರು ದೊಡ್ಡೋರ್ ಕಾರು ಅಂತ ಕಣ್ಮುಚ್ಕಂಡ್ ಓಡಿಸ್ಬುಡದಾ? ದೇವ್ರಿಗೆ ನಿನ್ ಹೆಸ್ರಲ್ಲಿ ಎಣ್ಣೆ ಹಾಕ್ದೆನಲ್ಲೋ, ನಿನ್ ಮನೆ ಕಾಯ್ವಾಗ!" ಅವಳ ದನಿ ಏರಿತು. ಹಟ್ಟಿಯವರು ಹೊರಗೆ ಬಂದು ನಿಂತರು. ಅವಳು ಬೈದೇ ಬೈದಳು. ಅವನಪ್ಪ, ಅವನಮ್ಮ, ಅವನ ಊರು, ಅವನಿಗೆ ಲೈಸೆನ್ಸ್ ಕೊಟ್ಟವರು, ಯಾರನ್ನೂ ಬಿಡಲಿಲ್ಲ. ನಾನು ನಡುವೆ ಬಾಯಿ ಹಾಕಲು ಹೋದರೆ ನನಗೂ ಬಿತ್ತು.

ಕದರಪ್ಪ ನಿಂತಲ್ಲೇ ನಿಂತು ಎಲ್ಲ ಕೇಳಿಸಿಕೊಂಡ. ಅವನ ಕಣ್ಣಲ್ಲಿ ನೀರು ಇಳಿಯುತ್ತಿತ್ತು. ಆದರೆ ಅಷ್ಟು ದಿನದಿಂದ ಬಿಗಿದುಕೊಂಡಿದ್ದ ಅವನ ಹೆಗಲು ಸಡಿಲವಾದದ್ದನ್ನು ನಾನು ನೋಡಿದೆ. ಅಮ್ಮನವರು ಬೈದಿರಲಿಲ್ಲ. ನರಸಿಂಹಮ್ಮ ಬೈದಿರಲಿಲ್ಲ. ನಾನೂ ಬೈದಿರಲಿಲ್ಲ. ಕೊನೆಗೆ ಚಿಕ್ಕಹನುಮಕ್ಕನೇ ಸುಸ್ತಾಗಿ, ಚೊಂಬನ್ನು ಅವನ ಮುಂದೆ ಕುಕ್ಕಿ, "ಬಿಸ್ಲಲ್ಲಿ ಬಂದಿದ್ದೀಯ, ಕುಡಿ" ಎಂದಳು. ಕುಡಿದ. ಹೊರಡುವಾಗ ಸಣ್ಣರಂಗಯ್ಯ ರಸ್ತೆಯವರೆಗೂ ಬಂದ. ಬಸ್ಸಿಗೆ ಕೈ ತೋರಿಸಿ ನಿಲ್ಲಿಸಿಕೊಟ್ಟ.

ಮಿಲ್ಲಿನಲ್ಲಿ ಹೊಸ ಡ್ರೈವರ್ ಬಂದಿದ್ದ. ಪೂಜೆ ಮುಗಿದು ಹೋಯಿತು, ಸನ್ಮಾನದ ಮಾತು ಯಾರೂ ಎತ್ತಲಿಲ್ಲ. ಮಳೆಗಾಲ ಶುರುವಾಗುವ ಹೊತ್ತಿಗೆ ಒಂದು ಬೆಳಿಗ್ಗೆ ಗಂಗಾಂಬಿಕಾ ಅವರ ಕಾರು ಟೀ ಅಂಗಡಿಯ ಮುಂದೆ ನಿಂತಿತು. ಗ್ಲಾಸು ಇಳಿಯಿತು.

"ಕಣ್ಣು ಹೆಂಗೈತೆ?"

"ಒಂದು ಚೆನ್ನಾಗೈತೆ ಅಮ್ಮಾವ್ರೇ. ಇನ್ನೊಂದ್ ಆಗ್ಬೇಕು."

"ಆಗ್ಲಿ. ಆಮೇಲ್ ಬಾ" ಎಂದರು. ಗ್ಲಾಸು ಏರಿತು.

ಎಡಗಣ್ಣಿಗೂ ಆಪರೇಷನ್ ಆಯಿತು. ಡಾಕ್ಟರಮ್ಮ ಓಡಿಸಬಹುದು ಎಂದು ಬರೆದುಕೊಟ್ಟ ಮೇಲೂ ಕದರಪ್ಪ ತಿಂಗಳು ತಡೆದು ಹೋದ. ಗಂಗಾಂಬಿಕಾ ಕೀ ಕೊಟ್ಟು, ತಾವು ಹಿಂದೆ ಕೂರದೆ ಅವನ ಪಕ್ಕದಲ್ಲೇ ಕೂತರು. ಪಾವಗಡದವರೆಗೂ ಹೋಗಿಬಂದರು. ದಾರಿಯಲ್ಲಿ ಕಂಡದ್ದನ್ನೆಲ್ಲ ಅವನು ಬಾಯಿಬಿಟ್ಟು ಹೇಳುತ್ತಾ ಓಡಿಸಿದನಂತೆ, ಮೇಕೆ, ಸ್ಕೂಟರು, ಬೇಲಿ ಪಕ್ಕದ ಹೆಂಗಸು ಎಂದು. ಮೊದಮೊದಲು ಅವರು ಹೂಂ ಎನ್ನುತ್ತಿದ್ದರು. ಅರ್ಧ ದಾರಿ ಕಳೆದ ಮೇಲೆ, "ಸಾಕು ಬುಡಯ್ಯಾ, ನಂಗೂ ಕಾಣ್ತದೆ" ಎಂದರು.

ಈಗ ಅಮ್ಮನವರ ಓಡಾಟಕ್ಕೆಲ್ಲ ಕದರಪ್ಪನೇ. ಹೊತ್ತು ಮುಳುಗುವುದರೊಳಗೆ ಮನೆ ಸೇರಬೇಕು ಎನ್ನುವುದು ಅವನೇ ಹಾಕಿಕೊಂಡ ಕಟ್ಟು. ಶರಣ್ಯಾಳನ್ನು ಮಾತ್ರ ಇವತ್ತಿಗೂ ಹೊಸ ಡ್ರೈವರೇ ಶಾಲೆಗೆ ಬಿಡುತ್ತಾನೆ. ಯಾಕೆ ಎಂದು ಅಮ್ಮನವರು ಹೇಳಿಲ್ಲ. ಕದರಪ್ಪನೂ ಕೇಳಿಲ್ಲ.